ವೂಸುಂಗ್ ದಾಟುವಾಗ

ಶಾಂಘೈ, ಸೋಂಗ್‌ಜಿಯಾಂಗ್

ಅಣ್ಣ ಹೈಶೆಂಗ್‌ಗೆ,

ನಿನ್ನ ಹಡಗು ಶಾಂಘೈಗೆ ಮುಂಚಿನ ನಿಂಗ್‌ಬೋ ಬಂದರು ಮುಟ್ಟಿದ ಮೇಲೇ ತಿಳಿಸಬೇಕೆಂದು ಅಮ್ಮ ಹೇಳಿದ್ದಳು. ಅದಕ್ಕೇ ಇಷ್ಟು ತಡ.

ಲಾವೊಶೀಮೆನ್‌ನ ನಮ್ಮ ಓಣಿಯನ್ನು ಕೆಡವಿದ ಮೇಲೂ ಅವಳು ದಿನಾ ಮೆಟ್ರೊ ಹತ್ತಿ ಅಲ್ಲಿಗೇ ಹೋಗುತ್ತಿದ್ದಳು. "ಅಲ್ಲೇನಿದೆಯಮ್ಮ, ಬರೀ ತಗಡಿನ ಬೇಲಿ" ಎಂದರೆ, "ಅಲ್ಲಿ ಹಳೇ ನೆರೆಯೋರಾದ್ರೂ ಸಿಗ್ತಾರೆ, ನಿನ್ನ ಹದಿನಾರನೇ ಮಹಡೀಲಿ ಜಗಳ ಆಡೋಕಾದ್ರೂ ಯಾರಿದಾರೆ?" ಅನ್ನುತ್ತಿದ್ದಳು. ಕಳೆದ ತಿಂಗಳು ಆ ಬೇಲಿಯ ಬಳಿ ಜಾರಿಬಿದ್ದು, ಎಂಟು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು.

"ಸಮಾಧಿ ಬೇಡ ಕಣೇ. ವೂಸುಂಗ್‌ನಲ್ಲಿ ನದಿ ಸಮುದ್ರ ಸೇರೋ ಕಡೆ ಬೂದಿ ಬಿಡು. ಅವನ ಹಡಗು ಒಳಗೆ ಬರೋದು ಅಲ್ಲಿಂದಲೇ ಅಲ್ವಾ, ಮೊದಲು ನಾನೇ ಸಿಗ್ತೀನಿ" ಎಂದಿದ್ದಳು. ಹಾಗೆಯೇ ಮಾಡಿದೆ.

ವೂಸುಂಗ್ ಬಂದಾಗ ಕೆಲಸವಿದ್ದರೂ ಕೇಳಿಕೊಂಡು ಡೆಕ್ಕಿಗೆ ಬಾ. ದಪ್ಪ ಕೋಟು ಹಾಕಿಕೋ, ಇಲ್ಲದಿದ್ದರೆ ಬಯ್ಯುತ್ತಾಳೆ.

ನಿನ್ನ ತಂಗಿ,
ಯುಝೆನ್