ಎಡ ಮಗ್ಗುಲು, ಬಲ ಮಗ್ಗುಲು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತ ಈ ಸೋಮಾರಿಯನ್ನು ಬೈಯಿ, ಆದರೆ ಪೂರ್ತಿ ಓದಿದ ಮೇಲೆ ಬೈಯಿ. ಮಂಡಿನೋವು ಹೇಗಿದೆ? ಭಾವ ಇನ್ನೂ ಚೆನ್ನಾಗಿರುವ ರೇಡಿಯೊವನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದಾರಾ? ನಾನು ಆರಾಮಾಗಿದ್ದೇನೆ. ನನ್ನ ಕೆಲಸ ಮಾತ್ರ ಇವತ್ತೋ ನಾಳೆಯೋ ಎನ್ನುವಂತಿದೆ.

ಈ ವಾರ ಹುಲಿ ಎಣಿಕೆ ಮುಗಿಯಬೇಕಿತ್ತು. ನನ್ನ ಕೆಲಸ ನಿನಗೆ ಗೊತ್ತಲ್ಲ, ಕಾಡುದಾರಿಯ ಎರಡೂ ಬದಿಗೆ ಕಟ್ಟಿದ ಕ್ಯಾಮೆರಾಗಳ ಚಿತ್ರ ನೋಡಿ, ಪಟ್ಟೆ ಹೋಲಿಸಿ, ಇದು ಇಂಥ ಹುಲಿ ಎಂದು ಹೇಳುವುದು. ಅದಕ್ಕೇ ಆಫೀಸಿನಲ್ಲಿ ನನಗೆ ‘ಪಟ್ಟೆ ಮೇಡಂ’ ಎಂದೇ ಹೆಸರು. ಒಂದೇ ಹುಲಿಯಾದರೂ ಎಡ ಮಗ್ಗುಲಿನ ಪಟ್ಟೆಯೇ ಬೇರೆ, ಬಲ ಮಗ್ಗುಲಿನದೇ ಬೇರೆ. ಒಂದು ಬದಿಯ ಕ್ಯಾಮೆರಾ ಕೆಟ್ಟರೆ ಅರ್ಧ ಹುಲಿಯಷ್ಟೇ ಸಿಗುತ್ತದೆ. ಇಲ್ಲೊಂದು ಎಡ, ಅಲ್ಲೊಂದು ಬಲ ಸಿಕ್ಕಿತೆಂದು ಎರಡು ಹುಲಿ ಬರೆದರೆ ಮುಗಿಯಿತು ಕಥೆ, ಎರಡೂ ಒಂದೇ ಹುಲಿಯದಾಗಿರಬಹುದು. ಈ ಸಲ ಅಂಥ ಅರ್ಧಗಳು ಆರಿದ್ದವು. ಆರನ್ನೂ ಬಿಟ್ಟೆ. ಹೋದ ವರ್ಷದ ಮೂವತ್ತೊಂದು ಇಪ್ಪತ್ತೇಳಕ್ಕೆ ಇಳಿಯಿತು.

ಸಾಹೇಬರು ಕರೆಸಿದರು. ‘ಹುಲಿಗಳ ಸಂಖ್ಯೆಯಲ್ಲಿ ಏರಿಕೆ’ ಎಂಬ ಬ್ಯಾನರು ಆಗಲೇ ಅಚ್ಚಾಗಿ ಬಂದು ಮೇಜಿನ ಮೇಲೆ ಕೂತಿತ್ತು.

“ಏನಮ್ಮಾ, ಹುಲಿನೆಲ್ಲ ನೀವೇ ನುಂಗಿಬಿಟ್ರಾ?”

“ಇಲ್ಲ ಸಾರ್. ಇರೋದನ್ನ ಬರ್ದಿದೀನಿ.”

“ಆ ಆರನ್ನೂ ಸೇರ್ಸಿ ಸಹಿ ಹಾಕಿ. ಮೂವತ್ಮೂರಾಗುತ್ತೆ. ಎಲ್ರಿಗೂ ಖುಷಿ.”

“ಹುಲಿಗೆ?”

ಅವರ ಮುಖ ಕೆಂಪಾಯಿತು. “ಜಾಸ್ತಿ ಮಾತು ಬೇಡ. ನಿಮ್ದು ಗುತ್ತಿಗೆ ಕೆಲ್ಸ, ನೆನಪಿರ್ಲಿ.”

ಅಕ್ಕಾ, ನನಗೆ ಸಿಟ್ಟು ನೆತ್ತಿಗೇರಿತು. “ನೆನಪಿದೆ ಸಾರ್. ಬೇಕಿದ್ರೆ ನೀವೇ ಹಾಕ್ಕೊಳ್ಳಿ. ನನ್ ಕೈಲಿ ಆಗಲ್ಲ” ಎಂದು ಎದ್ದು ಬಂದುಬಿಟ್ಟೆ.

ಬಾಗಿಲಲ್ಲಿ ಡ್ರೈವರಣ್ಣ ಕಿವಿ ಕೊಟ್ಟು ನಿಂತಿದ್ದರು. “ಮೇಡಂ, ಗಾಳಿ ಬಂದ ಕಡೆ ತೂರ್ಕೋಬೇಕು” ಎಂದರು ಪಾಪ.

“ತೂರ್ಕೊಂಡು ಹೋಗೋದು ಜೊಳ್ಳು ಕಣಣ್ಣಾ. ಕಾಳು ಅಲ್ಲೇ ಬೀಳುತ್ತೆ” ಎಂದೆ.

ಸಂಖ್ಯೆ ಏರಿದೆ ಎಂದರೆ ಕಾವಲು ಇಳಿಸುತ್ತಾರೆ. ಕಾವಲು ಇಳಿದರೆ ಉರುಳು ಹಾಕುವವರದೇ ರಾಜ್ಯ. ಇಪ್ಪತ್ತೇಳರ ವರದಿಯನ್ನು ಚಿತ್ರಗಳ ಸಮೇತ ಸಾಹೇಬರ ಮೇಲಿನವರಿಗೂ, ಎಣಿಕೆ ಸಮಿತಿಯ ಪ್ರತಿಯೊಬ್ಬರಿಗೂ ಕಳಿಸಿದ್ದೇನೆ. ನನ್ನನ್ನು ಕೆಲಸದಿಂದ ತೆಗೆದುಹಾಕುತ್ತಾರಂತೆ. ಹಾಕಲಿ! ಹುಲಿಯ ಪಟ್ಟೆ ಇವರ ಅಪ್ಪಣೆ ಕೇಳಿ ಬದಲಾಗುತ್ತದಾ?

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನನಗೂ ನಿನ್ನ ಆಶೀರ್ವಾದ ಇರಲಿ. ಬುದ್ಧಿವಾದ ಮಾತ್ರ ಬೇಡ.

ಇಂತು ನಿನ್ನ ಹಟಮಾರಿ
ತಂಗಿ

ತಾ.ಕ.: ತಂಗಿ ಧೈರ್ಯವಂತೆ ಎಂದು ಹೊಗಳಿಬಿಡಬೇಡ. ಹೋದ ವರ್ಷದ ಮೂವತ್ತೊಂದರಲ್ಲಿ ಒಂದು ನನ್ನದೇ ತಪ್ಪು. ಹಳ್ಳದಾಚೆಯ ಹೆಣ್ಣುಹುಲಿಯ ಎಡ ಒಂದು ಕಡೆ, ಬಲ ಇನ್ನೊಂದು ಕಡೆ ಸಿಕ್ಕಿದ್ದವು. ಅವಸರದಲ್ಲಿ ಎರಡು ಎಂದು ಬರೆದೆ. ಅಲ್ಲಿ ಹುಲಿ ಹೆಚ್ಚಿವೆ ಎಂದು ಕಾವಲು ಶಿಬಿರ ಮುಚ್ಚಿದರು. ಇದನ್ನೂ ನನ್ನ ಹೆಸರು ಹಾಕಿಯೇ ವರದಿಯಲ್ಲಿ ಬರೆದಿದ್ದೇನೆ. ಹತ್ತು ದಿನದ ಹಿಂದೆ ಅಲ್ಲಿ ತಂತಿಯ ಉರುಳಿಗೆ ಸಿಕ್ಕಿ ಒಂದು ಹುಲಿ ಸತ್ತಿತ್ತು. ಗುರುತು ಹಿಡಿಯಲು ನನ್ನನ್ನೇ ಕರೆದೊಯ್ದರು. ಮೊದಲು ಎಡ ಮಗ್ಗುಲು ನೋಡಿದೆ. ಆಮೇಲೆ ನಾಲ್ವರು ಸೇರಿ ಹೊರಳಿಸಿದರು. ನಾನು ಎರಡು ಎಂದು ಬರೆದಿದ್ದ ಆ ಹೆಣ್ಣುಹುಲಿ ಒಬ್ಬಳೇ ಇದ್ದಳು, ಅಕ್ಕಾ.