ಜಾಮ್ ಬಾಟಲಿಗೆ ಯಾರ ಹೆಸರು

ರೀ,

ಸ್ಪರ್ಧೆಗೆ ಒಳ್ಳೆ ಮೇಜು ಹಿಡಿಯೋಣವೆಂದು ಮೊದಲೇ ಹೊರಟೆ. ಕಿಟಕಿ ಹತ್ತಿರವಿರುವ ಕಿತ್ತಳೆ ಜಾಮ್ ಬಾಟಲಿಯನ್ನು ಟವೆಲ್ ಸುತ್ತಿ ನಾಲ್ಕು ಗಂಟೆಯೊಳಗೆ ತನ್ನಿ. ದಾರೀಲಿ ಮುಚ್ಚಳ ತೆಗೆಯಬೇಡಿ. ಹೋದ ವರ್ಷ ಬಾಟಲಿ ಬಾಯಿಗೆ ಮೆತ್ತಿದ್ದ ನಿಮ್ಮ ಬೆರಳಚ್ಚು ನೋಡಿ ತೀರ್ಪುಗಾರ್ತಿ ನಕ್ಕಿದ್ದು ನಾನಿನ್ನೂ ಮರೆತಿಲ್ಲ. ನಿಮಗೆ ಬಟ್ಟಲಲ್ಲಿ ಬೇರೆ ಇಟ್ಟಿದ್ದೇನೆ. ತಿಂದು ತೊಳೆದಿಡಿ.

ನನ್ನನ್ನು ಕೇಳದೆ ಪಾಕಕ್ಕೆ ನಿಂಬೆಹಣ್ಣು ಹಿಂಡಿದಿರೆಂದು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ, ನಿಜ. ಬೆಳಿಗ್ಗೆ ಆ ಬಟ್ಟಲಿನದ್ದನ್ನೇ ರುಚಿ ನೋಡಿದೆ. ಮೂರು ವರ್ಷ ನೀರಾಗಿ ಹರಿದ ಜಾಮ್ ಈ ಸಲ ಚಮಚದ ಮೇಲೆ ಅಲ್ಲಾಡದೆ ಕೂತಿದೆ.

ಅದಕ್ಕೇ ಬಾಟಲಿ ಮೇಲೆ, ಮಾಡಿದವರು ಅಂತ ನಿಮ್ಮ ಹೆಸರೇ ಬರೆದಿದ್ದೇನೆ. ಸೋತರೆ ಹಾಗೇ ಇರಲಿ. ಗೆದ್ದರೆ ನನ್ನದನ್ನೂ ಬರೆಯೋಕೆ ಕೆಳಗೆ ಜಾಗ ಬಿಟ್ಟಿದ್ದೇನೆ. ಪೆನ್ನು ಮರೀಬೇಡಿ.