‘ಆರಾಮ ಅದೀನಿ’ ಎನ್ನುವವರ ಊರಿನಿಂದ

ಗಾಳಿಕೇರಿ, ಗದಗ
ಗಾಳಿ ಕೈಕೊಟ್ಟ ಮೂರನೆಯ ವರ್ಷದ ಆಷಾಢ
ನಿಮ್ಮ ಲೆಕ್ಕದಲ್ಲಿ 2219

ಹಿಂದಿನ ಕಾಲದ ಹಿರಿಯರಿಗೆ ಅಂದಾನವ್ವನ ಶರಣು.

ನಾನಿನ್ನೂ ಹುಟ್ಟುವುದಕ್ಕೆ ಮೊದಲೇ ನನ್ನ ಪತ್ರ ನಿಮ್ಮ ಕೈಸೇರಿದೆ, ಗಾಬರಿಯಾಗಬೇಡಿ. ನಮ್ಮಲ್ಲಿ ಹಿಮ್ಮುಖ ಅಂಚೆ ಎಂಬುದೊಂದಿದೆ. ಒಂದು ಮನೆಯವರು ಒಂದೇ ಒಂದು ಪತ್ರವನ್ನು ಹಿಂದಿನ ಕಾಲಕ್ಕೆ ಕಳಿಸಬಹುದು. ಅದು ಹೇಗೆ ತಲುಪುತ್ತದೆಂದು ನನ್ನನ್ನು ಕೇಳಿ ಪ್ರಯೋಜನವಿಲ್ಲ, ನಾನು ನೇಕಾರಳು. ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೆಚ್ಚಿನವರು ಈ ಪತ್ರವನ್ನು ಮುತ್ತಜ್ಜಿಯ ಮುತ್ತಜ್ಜಿಗೆ ಬರೆದು ಕುಶಲ ಕೇಳುತ್ತಾರೆ. ನನಗೆ ಅಷ್ಟು ನಿರಾಳವಿಲ್ಲ. ನನ್ನ ಮಗಳು ನೀಲಗಂಗಾ ಒಳಕೋಣೆಯಲ್ಲಿ ಹಸಿ ಬಾಣಂತಿ. ಇವತ್ತು ಸಂಜೆ ಅವಳು ಒಂದು ಸುಳ್ಳು ಹೇಳಲಿದ್ದಾಳೆ, ಅದು ಅವಳನ್ನೇ ನುಂಗೀತು ಎಂಬ ಹೆದರಿಕೆ ನನಗೆ.

ನಮ್ಮ ಗುಡ್ಡದ ತುಂಬ ಗಾಳಿಕಂಬಗಳಿವೆ. ನಿಮ್ಮ ಕಾಲದವುಗಳ ಹಾಗೆ ಗಟ್ಟಿ ರೆಕ್ಕೆಯವಲ್ಲ, ಇವುಗಳ ರೆಕ್ಕೆ ಬಟ್ಟೆಯದು. ಅದನ್ನು ನೇಯುವವರು ಹೆಂಗಸರು. ಮಗ್ಗದ ಮನೆಯಲ್ಲಿ ಒಬ್ಬೊಬ್ಬಳಿಗೆ ಕೂತು ನೇಯಲು ಒಂದು ಮಣೆ. ಮಣೆ ಇದ್ದವಳ ಮನೆಗೆ ಜೋಳ, ನೀರು, ಬೆಳಕು ಬರುತ್ತವೆ. ಇದನ್ನೇ ಮಣೆಪಾಲು ಎನ್ನುತ್ತೇವೆ. ಗಾಳಿ ಚೆನ್ನಾಗಿ ಬೀಸುವ ಕಾಲದಲ್ಲಿ ಮಣೆಗೆ ಬರವಿರಲಿಲ್ಲ, ಹೆತ್ತವಳು ಮೈ ಸುಧಾರಿಸಿಕೊಂಡು ಬಂದರೂ ಅವಳಿಗೊಂದು ಜಾಗ ಇರುತ್ತಿತ್ತು. ಈಗ ಅರ್ಧ ಮಗ್ಗಗಳು ನಿಂತಿವೆ. ಯಾರು ಏಳುತ್ತಾರೋ ಎಂದು ಬಾಗಿಲಲ್ಲಿ ಹೆಂಗಸರು ಸಾಲುಗಟ್ಟಿ ಕಾಯುತ್ತಾರೆ. ನನ್ನ ಕಣ್ಣು ಮಂಜಾದಾಗ ನನ್ನ ಮಣೆ ಮಗಳಿಗೆ ಬಂತು. ಅಳಿಯ ಕಂಬ ಹತ್ತುವವನು, ಕಂಬ ತಿರುಗದ ಮೇಲೆ ಅವನಿಗೂ ಕೆಲಸವಿಲ್ಲ. ಪಾಪ, ಕೂಸಿನ ಬಟ್ಟೆ ಒಗೆದು ಒಣಹಾಕಿ ಗುಡ್ಡ ನೋಡುತ್ತ ಕೂರುತ್ತಾನೆ. ಹೀಗೆ ನಮ್ಮೆಲ್ಲರ ಹೊಟ್ಟೆ ಅವಳ ಮಣೆಯನ್ನೇ ನೆಚ್ಚಿಕೊಂಡಿದೆ.

ನಮ್ಮಲ್ಲಿ ಒಂದು ರೂಢಿಯಿದೆ. ಅದರ ಮೇಲೆ ನಮಗೆ ಬಹಳ ಜಂಬ. ಬಾಣಂತಿಯ ಮನೆಗೆ ಬಂದವರು ಮೊದಲು ತೊಟ್ಟಿಲು ನೋಡುವಂತಿಲ್ಲ. ಹೊಸ್ತಿಲಲ್ಲೇ ನಿಂತು ತಾಯಿಯನ್ನು ‘ನೀ ಹೆಂಗದಿ, ಮಗಳ?’ ಎಂದು ಕೇಳಬೇಕು, ಅವಳು ಉತ್ತರ ಕೊಟ್ಟ ಮೇಲೆಯೇ ಕೂಸಿನ ಮುಖ. ಇದಕ್ಕೆ ಮೊದಲ ಮಾತು ಎಂದು ಹೆಸರು. ನಿಮ್ಮ ಕಾಲದಲ್ಲಿ ಬಂದವರೆಲ್ಲ ಮಗು ಯಾರ ಹಾಗಿದೆ ಎಂದು ಮುತ್ತಿಕೊಳ್ಳುತ್ತಿದ್ದರಂತೆ, ತಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದರೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವಂತೆ. ನಾವು ಹಾಗಲ್ಲ ಎಂದು ಬೀಗಿದ್ದೇ ಬೀಗಿದ್ದು. ಹೆತ್ತ ತಿಂಗಳಿಗೆ ಮಗ್ಗದ ಮನೆಯ ಹಿರಿಯಳು ಬಂದು ಮೊದಲ ಮಾತು ಕೇಳುತ್ತಾಳೆ. ಆರಾಮಿಲ್ಲ ಎಂದವಳನ್ನು ಕೆಲಸಕ್ಕೆ ಕರೆಯುವುದಿಲ್ಲ, ಮಲಗಿರಲಿ ಎಂದು ಬಿಡುತ್ತಾರೆ. ಮನಸ್ಸು ಸರಿಯಿಲ್ಲದವಳನ್ನು ದುಡಿಸಬಾರದೆಂಬ ದಯೆಯಿಂದಲೇ ಹಿರಿಯರು ಹೀಗೆ ಮಾಡಿದ್ದು. ಆದರೆ ಕರೆಯದ ಮೇಲೆ ಮಣೆ ಇನ್ನೊಬ್ಬಳಿಗೆ ಹೋಗುತ್ತದೆ, ಮಣೆಯ ಹಿಂದೆ ಪಾಲೂ ಹೋಗುತ್ತದೆ. ಹಾಗಾಗಿ ಗಾಳಿ ನಿಂತಂದಿನಿಂದ ನಮ್ಮ ಕೇರಿಯಲ್ಲಿ ಆರಾಮಿಲ್ಲದ ಬಾಣಂತಿ ಒಬ್ಬಳೂ ಇಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: ‘ಆರಾಮ ಅದೀನ್ರಿ.’ ಹೋದ ವರ್ಷ ಹಿಂದಿನ ಓಣಿಯ ಹುಡುಗಿಯೊಬ್ಬಳು ಹಾಗೆಂದೇ ಮಗ್ಗಕ್ಕೆ ಹೋದಳು. ಒಂದು ದಿನ ಮಗ್ಗದಿಂದ ಎದ್ದು ಗುಡ್ಡದ ಕಡೆ ನಡೆದಳು. ಅವಳ ಕೂಸನ್ನು ಈಗ ಅಜ್ಜಿ ಸಾಕುತ್ತಿದ್ದಾಳೆ.

ನೀಲಗಂಗಾ ನಗುತ್ತಲೇ ಇದ್ದಾಳೆ, ಅದೇ ನನಗೆ ದಿಗಿಲು. ಬಾಣಂತಿಯ ಮೈಗೆ ಬಲ ಬರಲೆಂದು ನಾನು ಕಷ್ಟಪಟ್ಟು ಕಟ್ಟಿದ ಅಂಟಿನುಂಡಿಗಳನ್ನು ದಿಂಬಿನ ಪಕ್ಕ ಕೂಡಿಟ್ಟಿದ್ದಾಳೆ, ತಿನ್ನುವುದಿಲ್ಲ. ಕೂಸು ಮಲಗಿದರೂ ಇವಳು ಮಲಗುವುದಿಲ್ಲ, ಬೆರಳುಗಳು ಹೊದಿಕೆಯ ಮೇಲೆ ಎಳೆ ಎಣಿಸುತ್ತಿರುತ್ತವೆ. ನಿನ್ನೆ ತಲೆಗೆ ನೀರು ಹಾಕುವಾಗ ನನ್ನ ಮುಂಗೈ ಹಿಡಿದುಕೊಂಡಳು. ‘ಯವ್ವಾ, ಕೂಸಿನ ಜೋಡಿ ನನ್ನೊಬ್ಬಾಕಿನ್ನ ಬಿಟ್ಟು ಹೋಗಬ್ಯಾಡ. ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲದಂಗ ಆಗೇತಿ’ ಎಂದಳು. ನಾನು ಬಿಸಿನೀರು ಹಾಕುತ್ತಲೇ ಹೋದೆ. ಮೈ ಒರೆಸುವಾಗ ಅವಳೇ, ‘ಶಾಂತವೀರವ್ವ ಬಂದಾಗ ಬಾಯಿ ಬಿಟ್ಟೀ ಮತ್ತ. ಮಣಿ ಹೋದ್ರ ಈ ಕೂಸಿಗೆ ಏನು ಕುಡಸ್ತಿ?’ ಎಂದಳು. ಶಾಂತವೀರವ್ವ ಮಗ್ಗದ ಮನೆಯ ಹಿರಿಯಳು, ನನ್ನ ಜೊತೆಗೇ ನೇಯ್ಗೆ ಕಲಿತವಳು. ಕೆಟ್ಟವಳಲ್ಲ. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನನ್ನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು. ‘ನನ್ನ ಕಿವಿಗೆ ಬಿತ್ತಂದ್ರ ಮುಗೀತವ್ವಾ, ನಾ ಮಣಿ ತಗೀಲೇಬೇಕು. ನೀ ಸುಮ್ನಿದ್ದುಬಿಡು’ ಎಂದು ಕೊಡ ಎತ್ತಿಕೊಂಡು ಹೊರಟುಹೋದಳು.

ಹಿರಿಯರೇ, ನಿಮ್ಮ ಕಾಲದಲ್ಲಿ ದುಡಿಯುವ ಬಾಣಂತಿಯರಿಗೆ ಎಷ್ಟು ದಿನ ಬಿಡುವು, ಯಾರಿಗೆ ಸಂಬಳ, ಯಾರಿಗಿಲ್ಲ ಎಂಬ ಚರ್ಚೆ ನಡೆದಿದೆಯೆಂದು ಕೇಳಿದ್ದೇನೆ. ನಮ್ಮ ರೂಢಿಗಳೆಲ್ಲ ಆ ಚರ್ಚೆಯಿಂದಲೇ ಹುಟ್ಟಿದವು. ತಾಯಿಯ ಮನಸ್ಸು ವಿಚಾರಿಸಿ ಎಂದು ನೀವು ನಿಯಮ ಬರೆಯುತ್ತೀರಿ, ಅದು ನಮ್ಮವರೆಗೂ ಬಂದಿದೆ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಇನ್ನೊಂದು ಸಾಲು ಸೇರಿಸಿ. ಆರಾಮಿಲ್ಲ ಎಂದವಳ ಮನೆಯ ಒಲೆ ಆರಬಾರದೆಂದು ಬರೆಯಿರಿ. ಅದೊಂದು ಇಲ್ಲದೆ ನೀವು ಎಷ್ಟು ಪ್ರೀತಿಯಿಂದ ಕೇಳಿದರೂ ಹೆಣ್ಣುಮಕ್ಕಳು ನಕ್ಕು ಸುಳ್ಳು ಹೇಳುತ್ತಾರೆ. ಈ ಪತ್ರ ನಿಮಗೆ ಮುಟ್ಟಿ ನೀವು ಬರೆದರೂ ಅದು ನನ್ನ ಕಾಲಕ್ಕೆ ಬರುವುದೋ ಇಲ್ಲವೋ ತಿಳಿಯದು. ನನಗಂತೂ ಕಾಯುವಷ್ಟು ಹೊತ್ತಿಲ್ಲ.

ಅಂಗಳದಲ್ಲಿ ಶಾಂತವೀರವ್ವ ಕಾಲು ತೊಳೆಯುತ್ತಿದ್ದಾಳೆ. ಒಳಗೆ ನೀಲಗಂಗಾ ತಲೆ ಬಾಚಿಕೊಂಡು ನಗುಮುಖ ಮಾಡಿಕೊಂಡು ಕೂತಿದ್ದಾಳೆ. ನಾಳೆಯ ಜೋಳ ಎಲ್ಲಿಂದ ಬರುತ್ತದೋ ನನಗೆ ಗೊತ್ತಿಲ್ಲ. ನನ್ನ ಮಗಳು ಉಳಿದಿರಬೇಕು. ಅವಳು ಬಾಯಿ ತೆರೆಯುವುದಕ್ಕೆ ಮೊದಲು ನಾನು ಹೋಗಿ ಹೊಸ್ತಿಲಲ್ಲಿ ನಿಂತು ಹೇಳಿಬಿಡುತ್ತೇನೆ: ‘ನನ್ನ ಮಗಳಿಗೆ ಆರಾಮಿಲ್ಲ.’